ಕಂಡದ್ದೆಲ್ಲ ಟ್ರಾವೆಲಿಂಗ್ ಅಲ್ಲ

ನಮ್ಮಲ್ಲಿ ಬಾಸ್ಕೆಟ್‌ಬಾಲ್ ನಡೆಯುವಾಗ ರೆಫರಿಗಿಂತ ಮೊದಲು ನೋಡುವವರೇ ತೀರ್ಪು ಕೊಡುತ್ತಾರೆ. ಯಾರದಾದರೂ ಕಾಲು ಸ್ವಲ್ಪ ವಿಚಿತ್ರವಾಗಿ ಹೋದರೆ ಸಾಕು, "ಟ್ರಾವೆಲ್! ಟ್ರಾವೆಲ್!" ಎಂಬ ಕೂಗು.

ಆದರೆ ನಿಯಮ ವಿಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚೆಂಡು ಆಟಗಾರ್ತಿಯ ಹಿಡಿತದಲ್ಲಿತ್ತೇ, ಪಿವಟ್ ಪಾದ ಯಾವುದು, ಡ್ರಿಬಲ್ ಮುಗಿದಿತ್ತೇ, ಇಷ್ಟೇ ಅದರ ಪ್ರಶ್ನೆ. ನಾವು ಅಕೌಂಟೆನ್ಸಿಯಲ್ಲಿ ಯಾವ ಖಾತೆ ಎಂದು ತಿಳಿಯದೆ ಡೆಬಿಟ್ ಬರೆಯುವುದಿಲ್ಲವಲ್ಲ, ಹಾಗೆಯೇ.

ಡ್ರಿಬಲ್ ನಿಲ್ಲಿಸುವಾಗ ಚೆಂಡು ಅಕಸ್ಮಾತ್ ಕೈಜಾರಿದರೆ ಮತ್ತೆ ಹಿಡಿಯಬಹುದು. ಅದು ಎರಡನೇ ಡ್ರಿಬಲ್ ಅಲ್ಲ. ಚೆಂಡು ಹಿಡಿದವಳು ಬಿದ್ದು ನೆಲದ ಮೇಲೆ ಜಾರಿದರೂ ತಪ್ಪಲ್ಲ. ಹಾಗೆ ಜಾರಿದ ಮೇಲೆ ಚೆಂಡಿನ ಸಮೇತ ಉರುಳಿದರೆ ಅಥವಾ ಏಳಲು ಹೋದರೆ ಮಾತ್ರ ಟ್ರಾವೆಲಿಂಗ್. ಇದನ್ನು ಮನೆಯಲ್ಲಿ ಉರ್ದುವಿನಲ್ಲಿ ವಿವರಿಸಿದಾಗ ಅಮ್ಮಿ ನಕ್ಕರು: "ಬಿದ್ದವಳು ಜಾರಬಹುದು, ಏಳಬಾರದಾ? ಇದೆಂಥ ಕಾನೂನು?" ಚೆಂಡನ್ನು ಪಾಸ್ ಮಾಡಿ ಏಳಬಹುದು ಅಮ್ಮಿ, ಎಂದೆ.

ನನಗಿದು ಬರೀ ತಮಾಷೆಯಲ್ಲ. ಕಳೆದ ಮಳೆಗಾಲದಲ್ಲಿ ಒಂದು ಪಂದ್ಯದಲ್ಲಿ ನನ್ನ ಗೆಳತಿ ಒದ್ದೆ ಅಂಗಳದಲ್ಲಿ ಚೆಂಡು ಹಿಡಿದು ಬಿದ್ದು ಜಾರಿದಳು, ಅಷ್ಟೇ. ಸುತ್ತ ಕೂಗು ಎದ್ದಿತು, ವಿಷಲ್ ಊದಿಯೇಬಿಟ್ಟರು. ಅವಳು ಎದುರು ಮಾತಾಡಲಿಲ್ಲ. ಆದರೆ ಆಮೇಲಿನ ಪಂದ್ಯಗಳಲ್ಲಿ ಬೀಳುವ ಮೊದಲೇ ಚೆಂಡು ಬಿಟ್ಟುಬಿಡುತ್ತಿದ್ದಳು. ಒಂದು ತಪ್ಪು ವಿಷಲ್ ಆಟಗಾರ್ತಿಯ ಕೈಯನ್ನೇ ಸಡಿಲ ಮಾಡುತ್ತದೆ.

ನಿಯಮವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಆಟ ಕಟ್ಟಿದಾಗ ಚೆಂಡು ಹಿಡಿದು ಓಡುವಂತಿರಲಿಲ್ಲ. ಡ್ರಿಬಲ್ ಬಂದದ್ದು ಆಮೇಲೆ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಭಾರತ ಬಿ ವಿಭಾಗ ಗೆದ್ದಿತು. ಅದೇ ವರ್ಷ ಅಕ್ಟೋಬರ್ 1ರಿಂದ ಫಿಬಾ ಹೊಸ ನಿಯಮ ತಂದಿತು: ಓಡುತ್ತಾ ಚೆಂಡು ಹಿಡಿಯುವ ಕ್ಷಣದಲ್ಲಿ ನೆಲದಲ್ಲಿರುವ ಪಾದ ಲೆಕ್ಕಕ್ಕಿಲ್ಲ, ಅದರ ನಂತರ ಎರಡು ಹೆಜ್ಜೆ. ತಲೆವಸ್ತ್ರ ಧರಿಸಿ ಆಡಲು ಅನುಮತಿ ಜಾರಿಯಾದದ್ದೂ ಅದೇ ದಿನ. 2014ರ ಏಷ್ಯನ್ ಗೇಮ್ಸ್‌ನಲ್ಲಿ ಅದನ್ನು ತೆಗೆಯಲು ಒಪ್ಪದೆ ಕತಾರ್ ಹುಡುಗಿಯರು ಆಡದೇ ಹೊರನಡೆದಿದ್ದರು.

ಕಣ್ಣಿಗೆ ಹೊಸದಾಗಿ ಕಾಣುವುದು ಬೇರೆ, ತಪ್ಪು ಬೇರೆ. ಮುಂದಿನ ಪಂದ್ಯದಲ್ಲಿ ಕೂಗುವ ಮೊದಲು ಪಾದ ನೋಡಿ, ಚೆಂಡು ನೋಡಿ. ದೈಹಿಕ ಶಿಕ್ಷಣದ ಸರ್ ಬಳಿ ನಿಯಮ ಪುಸ್ತಕ ಇದೆ. ಕೇಳಿದರೆ ಕೊಡುತ್ತಾರೆ.