ಸ್ಕೋಪಿನ ಕಾವು

ಹಳೆಯ ಟೆಕ್‌ಟ್ರಾನಿಕ್ಸ್ 465 ಆಸಿಲೋಸ್ಕೋಪ್ ಆನ್ ಮಾಡಿದ ಕೂಡಲೇ ಹೇಳುವ ಮಾತನ್ನು ನಂಬಬಾರದು. 20 ನಿಮಿಷ ಕಾಯಿರಿ ಎಂದು ಅದರ ಮ್ಯಾನ್ಯುಯಲ್ಲೇ ಹೇಳುತ್ತದೆ. ಮೈ ಬೆಚ್ಚಗಾಗುವ ತನಕ ಹಸಿರು ಗೆರೆ ಇಟ್ಟಲ್ಲಿ ಇರದೆ ಮೆಲ್ಲಗೆ ಜಾರುತ್ತಿರುತ್ತದೆ. ಅಷ್ಟರಲ್ಲಿ ನಾನು ಕಾಫಿ ಮಾಡಿಕೊಂಡು ಬರುತ್ತೇನೆ. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ, 100 ಮೆಗಾಹರ್ಟ್ಸಿನ ಈ ಮಾದರಿಯ ಸ್ಕೋಪೊಂದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಗುಜರಿ ತೂಕಕ್ಕೆ ಹೋಗಲು ಸಿದ್ಧವಾಗಿತ್ತು. ಚೌಕಾಸಿ ಮಾಡಿ ಹೊತ್ತು ತಂದೆ.

ಕಾವು ಬೇಕು, ನಿಜ. ಆದರೆ ಮೊದಲ ವಾರವೇ ಅಮ್ಮ ಕೋಣೆಗೆ ಕಾಲಿಟ್ಟು, "ಏನೋ ಇದು, ಬಾಣಂತಿ ಕೋಣೆ ಥರ ಕಾದಿದೆ!" ಎಂದರು. ಗಾಳಿಯಾಡಲಿ ಎಂದು ನಾನು ಜಾಣನಂತೆ ಕವಚ ತೆಗೆದಿಟ್ಟೆ. ಊದುಗೊಳವೆಗೆ ನಡುವೆ ತೂತು ಕೊರೆದ ಹಾಗಾಯಿತು. ಕವಚವಿದ್ದರೆ ಫ್ಯಾನಿನ ಗಾಳಿ ಕಾದ ಭಾಗಗಳನ್ನು ಸವರಿಕೊಂಡೇ ಹೋಗಬೇಕು. ಇಲ್ಲದಿದ್ದರೆ ಅಡ್ಡದಾರಿ ಹಿಡಿಯುತ್ತದೆ. ಸಾಲದ್ದಕ್ಕೆ ಒಳಗೆ ಸಾವಿರಾರು ವೋಲ್ಟ್ ಬೇರೆ. ಸುಮ್ಮನೆ ಮುಚ್ಚಿದೆ.

ಇಷ್ಟೊಂದು ಬಿಸಿಗೆ ಕಾರಣವಾದ ಕಳ್ಳ ಇದ್ದದ್ದು ಬೆನ್ನ ಮೇಲೆ. ನಮ್ಮ ಮನೆಯ ಕರೆಂಟು 240 ವೋಲ್ಟ್ ದಾಟುತ್ತದೆ. ಸ್ಕೋಪಿನ ಹಿಂಬದಿಯ ವೋಲ್ಟೇಜ್ ಆಯ್ಕೆ ಮಾತ್ರ 'ಲೋ'ದಲ್ಲೇ ಕೂತಿತ್ತು. ಆ ಕಾಲದ ಇಂಥ ಪವರ್ ಸಪ್ಲೈಗಳು ಹೆಚ್ಚಾದ ವೋಲ್ಟೇಜನ್ನೆಲ್ಲ ಬಿಸಿ ಮಾಡಿ ಕಳೆಯುತ್ತವೆ. 5 ವೋಲ್ಟ್ ಬೇಕಾದ ಕಡೆ 9 ಬಂದು, 2 ಆಂಪಿಯರ್ ಹರಿಯಿತೆನ್ನಿ, 8 ವಾಟ್ ಹೀಟ್‌ಸಿಂಕಿನ ಪಾಲು. 11 ಬಂದರೆ 12 ವಾಟ್. 'ಹೈ'ಗೆ ಬದಲಿಸಿದೆ. ಖರ್ಚು ಸೊನ್ನೆ.

ಆಮೇಲಿನದು ನನಗೆ ಅತಿ ಪ್ರಿಯವಾದ ಕೆಲಸ. ಟ್ರಾನ್ಸಿಸ್ಟರಿನ ಬುಡದ, ಬಿಸಿ ದಾಟಿಸುವ ಪೇಸ್ಟು ಒಣಗಿ ಸುಣ್ಣವಾಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಕಾಗೆಬಂಗಾರದ ಬಿಲ್ಲೆಗೆ ಎರಡೂ ಬದಿ ಹೊಸ ಪೇಸ್ಟು ಹಚ್ಚಿದೆ. ದೋಸೆಕಲ್ಲಿಗೆ ಎಣ್ಣೆ ಸವರಿದಷ್ಟು ಸಾಕು. ಬಿಲ್ಲೆಗೂ ಲೋಹಕ್ಕೂ ನಡುವಿನ ಸಣ್ಣ ಸಂದುಗಳನ್ನು ತುಂಬಲಷ್ಟೇ ಅದು. ದಪ್ಪ ಬಳಿದರೆ ಬಿಸಿ ದಾಟಲು ಅದೇ ಅಡ್ಡಿ. ಸ್ಕ್ರೂ ಬಿಗಿದು, ಬಿಲ್ಲೆ ಸೀಳಿಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿಕೊಂಡಾಗ ಸಿಗುವ ಸಮಾಧಾನಕ್ಕೆ ಹೆಸರಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗಂತೂ 10 ಡಿಗ್ರಿ ಬಿಸಿ ತಗ್ಗಿದರೆ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟು.

ಈಗ ಗಾಳಿಕಿಂಡಿಯ ಬಳಿ ಅಂಗೈ ಹಿಡಿದರೆ ಹದವಾದ ಬೆಚ್ಚನೆ. ಮಳೆಗಾಲದಲ್ಲಿ ಬೆಕ್ಕು ಅಲ್ಲೇ ಮಲಗಲು ನೋಡುತ್ತದೆ, ಓಡಿಸುತ್ತೇನೆ. ನೀವೂ ಇಂಥದ್ದೊಂದನ್ನು ಹೊತ್ತು ತಂದರೆ, ಪ್ಲಗ್ ಚುಚ್ಚುವ ಮೊದಲು ಅದರ ಬೆನ್ನು ನೋಡಿ.