ಎಂಟು ಚೌಕದ ಅಕ್ಷರ

ಚಿಕ್ಕಮ್ಮ ಮೈಸೂರಿನ ದೊಡ್ಡ ಮನೆ ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಹೋಗುವಾಗ, ಅಟ್ಟದ ಸಾಮಾನು ಇಳಿಸಿಕೊಡಲೆಂದು ನಾನು ಬೆಂಗಳೂರಿನಿಂದ ಹೋಗಿದ್ದೆ. ಉಪ್ಪಿನಕಾಯಿ ಜಾಡಿ, ಹಿತ್ತಾಳೆಯ ಕೊಳಗ, ದಸರಾ ಬೊಂಬೆಗಳ ಟ್ರಂಕು ಎಲ್ಲ ಇಳಿದ ಮೇಲೆ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ ಉಳಿದಿತ್ತು. ಒಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಕಪ್ಪು ವಸ್ತು. ಬೂದು ಬಣ್ಣದ ರಬ್ಬರ್ ಗುಂಡಿಗಳು. ಬಲಗಡೆಯ ಮೂಲೆಯಲ್ಲಿ ಓರೆಯಾಗಿ ಎಳೆದ ಕೆಂಪು, ಹಳದಿ, ಹಸಿರು, ತಿಳಿನೀಲಿ ಪಟ್ಟೆ. ಶಾಲೆಯ ನೋಟ್‌ಬುಕ್ಕಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

"ಅದು ನಿನ್ನ ಚಿಕ್ಕಪ್ಪಂದು ಕಣೋ, ಲೀಡ್ಸ್‌ನಲ್ಲಿದ್ದಾಗಿಂದು. ನೀನೇ ತಗೊಂಡು ಹೋಗು. ಇಲ್ಲಾಂದ್ರೆ ಹಳೇ ಪೇಪರಿನವನ ಪಾಲಾಗತ್ತೆ," ಅಂದರು ಚಿಕ್ಕಮ್ಮ.

ಡಬ್ಬದ ತಳದಲ್ಲಿ ಇಟ್ಟಿಗೆಯಂಥ ಒಂದು ಅಡಾಪ್ಟರ್, ಟಿವಿಗೆ ಹಾಕುವ ವೈರು, ಬೆನ್ನು ಸೀಳಿದ ಒಂದು ಪುಸ್ತಕ, ನಾಲ್ಕು ಕ್ಯಾಸೆಟ್ಟು. ಮೂರು ಅಂಗಡಿಯಲ್ಲಿ ಕೊಂಡ ಆಟದ ಕ್ಯಾಸೆಟ್ಟುಗಳು. ನಾಲ್ಕನೆಯದರ ಮೇಲೆ ಪೆನ್ಸಿಲಿನಲ್ಲಿ, ಮಗುವಿನ ಕೈಬರಹದಲ್ಲಿ, ಇಂಗ್ಲಿಷಿನಲ್ಲಿ "ಅಜ್ಜಿ" ಎಂದಿತ್ತು. ಬಸ್ಸಿನಲ್ಲಿ ಮೈಸೂರಿನಿಂದ ಬೆಂಗಳೂರಿನ ತನಕ ಆ ಡಬ್ಬವನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ.

ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್. 1982ರ ಏಪ್ರಿಲ್ 23ರಂದು ಲೋಕಕ್ಕೆ ಬಂದ ಯಂತ್ರ. 16 ಕೆ ನೆನಪಿನದಕ್ಕೆ 125 ಪೌಂಡು, 48 ಕೆಯದಕ್ಕೆ 175 ಪೌಂಡು. ಇದನ್ನು ಮಾಡಿಸಿದ ಕ್ಲೈವ್ ಸಿಂಕ್ಲೇರ್ ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಸಂಬಳದ ಮೇಲೆ ಬದುಕುವ ಮನೆಗೂ ಕಂಪ್ಯೂಟರು ಎಟುಕಬೇಕು. ಆ ಹಟದ ಗುರುತು ಯಂತ್ರದ ಮೈಮೇಲೆಲ್ಲ ಇದೆ. ನಿಜವಾದ ಕೀಬೋರ್ಡ್ ದುಬಾರಿ ಎಂದು ರಬ್ಬರಿನ ಒಂದೇ ಹಾಳೆಯಲ್ಲಿ 40 ಗುಂಡಿ ಎಬ್ಬಿಸಿದರು. ನೆನಪಿನ ಚಿಪ್ಪು ದುಬಾರಿ ಎಂದು, 64 ಕಿಲೋಬಿಟ್ಟಿನ ಚಿಪ್ಪುಗಳಲ್ಲಿ ಅರ್ಧ ಕೆಟ್ಟವನ್ನು ಅಗ್ಗಕ್ಕೆ ಕೊಂಡು, ಚೆನ್ನಾಗಿರುವ ಅರ್ಧವನ್ನಷ್ಟೇ ಬಳಸಿದರು. ಇದನ್ನು ಜಿಪುಣತನ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕೊಳೆತ ಭಾಗ ಕೊಯ್ದು ಉಳಿದ ಬದನೆಕಾಯಿಯಲ್ಲಿ ಹುಳಿ ಮಾಡಿದ ಅಡುಗೆಮನೆಯಲ್ಲಿ ಬೆಳೆದವನು ನಾನು. ಐವತ್ತು ಲಕ್ಷಕ್ಕೂ ಹೆಚ್ಚು ಮನೆಗೆ ಈ ಯಂತ್ರ ಹೋದದ್ದು ಆ ಲೆಕ್ಕಾಚಾರದಿಂದಲೇ. ನಮ್ಮ ಪುಣೆಯಲ್ಲೂ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್‌ನವರು 1986ರಲ್ಲಿ ಲೈಸೆನ್ಸ್ ಪಡೆದು ಇದರ ತಮ್ಮನಾದ ಸ್ಪೆಕ್ಟ್ರಮ್ ಪ್ಲಸ್ಸನ್ನು ಮಾರಿದರು.

ಮನೆಗೆ ಬಂದ ರಾತ್ರಿಯೇ ಪ್ಲಗ್ಗಿಗೆ ಹಾಕಿ ನೋಡುವ ಆಸೆ. ಹಾಕಲಿಲ್ಲ. ಹಳೆಯ ಯಂತ್ರ ಕೈಗೆ ಬಂದಾಗ ಮಾಡಬೇಕಾದ ಮೊದಲ ಕೆಲಸ ಅದನ್ನು ಆನ್ ಮಾಡದೆ ಇರುವುದು. ಮೂವತ್ತು ವರ್ಷಕ್ಕೂ ಮೇಲೆ ಅಟ್ಟದಲ್ಲಿದ್ದ ಕೆಪಾಸಿಟರುಗಳು ಒಣಗಿರಬಹುದು, ಸೋರಿರಬಹುದು. ಅದಕ್ಕಿಂತ ದೊಡ್ಡ ಅಪಾಯ ಅಡಾಪ್ಟರಿನದು. ಸ್ಪೆಕ್ಟ್ರಮ್ಮಿಗೆ ಬೇಕಾದದ್ದು 9 ವೋಲ್ಟು, ಆದರೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಇವತ್ತು ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳು ಬಹುಪಾಲು ಇದರ ತದ್ವಿರುದ್ಧ. ಪಿನ್ನು ಸರಿಯಾಗಿ ಕೂತಿತೆಂದು ಅಂಥದ್ದನ್ನು ಹಾಕಿದರೆ ಯಂತ್ರದ ಕಥೆ ಮುಗಿದಂತೆ. ಸ್ವಿಚ್ಚೂ ಇಲ್ಲ, ವೈರು ಚುಚ್ಚಿದರೆ ಆನ್, ಕಿತ್ತರೆ ಆಫ್.

ಇಂಗ್ಲೆಂಡಿನ ದಪ್ಪ ಮೂರು ಕಾಲಿನ ಪ್ಲಗ್ಗಿಗೆ ಒಂದು ಪರಿವರ್ತಕ ತಂದು ಅಡಾಪ್ಟರನ್ನು ಮಾತ್ರ ಕರೆಂಟಿಗೆ ಹಾಕಿ, ಮೀಟರಿನಲ್ಲಿ ಅಳೆದೆ. ಒಂಬತ್ತರ ಬದಲು ಹದಿಮೂರರ ಹತ್ತಿರ ತೋರಿಸಿತು. ಎದೆ ಧಸಕ್ಕೆಂದಿತು. ಆಮೇಲೆ ಓದಿ ತಿಳಿದೆ: ಇದು ವೋಲ್ಟೇಜನ್ನು ಕಟ್ಟಿಹಾಕದ ಹಳೆಯ ಕಾಲದ ಅಡಾಪ್ಟರು. ಭಾರ ಹೊರಿಸದಿದ್ದಾಗ ಹೆಚ್ಚೇ ತೋರಿಸುತ್ತದೆ, ಯಂತ್ರ ಎಳೆಯತೊಡಗಿದ ಮೇಲೆ ಇಳಿಯುತ್ತದೆ. ಗಾಬರಿಯಾಗಿ ಬಿಸಾಡದೆ ಇದ್ದದ್ದು ಒಳ್ಳೆಯದಾಯಿತು.

ಬೆನ್ನಿನ ಐದು ಸ್ಕ್ರೂ ಬಿಚ್ಚಿದರೆ ಯಂತ್ರ ತೆರೆದುಕೊಳ್ಳುತ್ತದೆ. ಮೇಲಿನ ಭಾಗವನ್ನು ಮೆಲ್ಲಗೆ ಎತ್ತಬೇಕು, ಯಾಕೆಂದರೆ ಕೀಬೋರ್ಡಿನಿಂದ ಬೋರ್ಡಿಗೆ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಇಳಿದಿರುತ್ತವೆ. ನಾನು ಮೆಲ್ಲಗೇ ಎತ್ತಿದೆ. ಆದರೂ ಒಂದು ಪಟ್ಟಿ ಒಣಗಿದ ಬಾಳೆಪಟ್ಟೆಯ ಹಾಗೆ ಚಟ್ ಎಂದು ಮುರಿಯಿತು. ವಯಸ್ಸಾದ ಸ್ಪೆಕ್ಟ್ರಮ್ಮುಗಳಲ್ಲಿ ಇದು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಆ ಪಟ್ಟಿಗಳು ಹೊರಡುವ, ಗುಂಡಿಗಳ ಕೆಳಗಿನ ಪೊರೆಯನ್ನು ಈಗಲೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಇಂಗ್ಲೆಂಡಿನಿಂದ ತರಿಸಿದೆ. ಅದು ಬರುವ ತನಕದ ದಿನಗಳಲ್ಲಿ ಎಸ್‌.ಪಿ. ರಸ್ತೆಯ ಓಣಿಯೊಂದರಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್‌ರನ್ನು ಹುಡುಕಿಕೊಂಡು ಹೋದೆ. ಹಳೆಯ ರೇಡಿಯೊ, ಆಂಪ್ಲಿಫೈಯರು ರಿಪೇರಿ ಮಾಡುವವರು. ಬೋರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕೆ ಮೂರು ಥರ ವೋಲ್ಟೇಜ್ ಬೇಕು ಸಾರ್, ನೋಡಿ," ಎಂದು ಎಂಟು ಚಿಪ್ಪುಗಳ ಸಾಲನ್ನು ತೋರಿಸಿದರು. "ಪ್ಲಸ್ ಐದು, ಪ್ಲಸ್ ಹನ್ನೆರಡು, ಮೈನಸ್ ಐದು. ಈ ಮೈನಸ್ ಐದು ಒಂದು ಹೋದರೆ ಚಿಪ್ಪೆಲ್ಲ ಸುಟ್ಟು ಹೋಗತ್ತೆ. ಅದನ್ನ ಮೊದಲು ಸರಿ ಮಾಡೋಣ."

ಅವರು ಸ್ಪೆಕ್ಟ್ರಮ್ಮನ್ನು ಅದಕ್ಕೂ ಮುಂಚೆ ಕಂಡವರಲ್ಲ. ಚಿಪ್ಪಿನ ಮೇಲಿನ 4116 ಎಂಬ ನಂಬರು ಓದಿಯೇ ಅಷ್ಟು ಹೇಳಿದರು. ಕೆಪಾಸಿಟರುಗಳನ್ನು ಬದಲಿಸಿ, ಒಂದೊಂದು ಕಾಲಿಗೂ ಮೀಟರ್ ಇಟ್ಟು ಅಳೆದು, ಬೋರ್ಡನ್ನು ನನ್ನ ಕೈಗೆ ಎರಡೂ ಕೈಯಲ್ಲಿ ಕೊಟ್ಟರು.

ಹೊಸ ಪೊರೆ ಕೂರಿಸಿದ ಭಾನುವಾರ ಟಿವಿಯ ಮುಂದೆ ಕೂತೆ. ಈ ಯಂತ್ರ ಟಿವಿಯ ಆಂಟೆನಾ ರಂಧ್ರಕ್ಕೆ ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿ ಚಿತ್ರ ಕಳಿಸುತ್ತದೆ, ಯುಎಚ್‌ಎಫ್ 36ನೆಯ ಚಾನೆಲಿನಲ್ಲಿ. ಇಂಗ್ಲೆಂಡಿನ ಟಿವಿಯೂ ನಮ್ಮದೂ ಪಾಲ್ ಪದ್ಧತಿಯವೇ. ಧ್ವನಿ ಕಳಿಸುವ ಕ್ರಮದಲ್ಲಿ ವ್ಯತ್ಯಾಸವಿದೆ, ಆದರೆ ಸ್ಪೆಕ್ಟ್ರಮ್ಮಿನ ಧ್ವನಿ ಟಿವಿಗೆ ಹೋಗುವುದೇ ಇಲ್ಲ, ತನ್ನ ಹೊಟ್ಟೆಯಲ್ಲಿರುವ ಚಿಕ್ಕ ಸ್ಪೀಕರಿನಿಂದ ಬರುತ್ತದೆ. ನಮ್ಮ ಮನೆಯ ಎಲ್‌ಸಿಡಿ ಟಿವಿಯಲ್ಲಿ ಹಳೆಯ ಅನಲಾಗ್ ಟ್ಯೂನರು ಇನ್ನೂ ಇತ್ತು. 591 ಮೆಗಾಹರ್ಟ್ಸ್ ಹತ್ತಿರ ಮೆಲ್ಲಗೆ ಹುಡುಕುತ್ತ ಹೋದೆ. ಹುಳುಹುಳುವಾದ ಪರದೆ ಇದ್ದಕ್ಕಿದ್ದ ಹಾಗೆ ಬೆಳ್ಳಗಾಗಿ ನಿಂತಿತು. ಕೆಳಗೆ ಒಂದೇ ಸಾಲು, ಕಪ್ಪಕ್ಷರದಲ್ಲಿ: 1982, ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್.

ಆಮೇಲೆ ಏನೂ ಇಲ್ಲ. ಚಿತ್ರವಿಲ್ಲ, ಪಟ್ಟಿಯಿಲ್ಲ, ಇದನ್ನು ಒತ್ತು ಅದನ್ನು ಒತ್ತು ಎಂಬ ಸೂಚನೆಯಿಲ್ಲ. ಎಂಟರ್ ಗುಂಡಿ ಮುಟ್ಟಿದರೆ ಮೂಲೆಯಲ್ಲಿ ಮಿನುಗುವ "ಕೆ" ಅಕ್ಷರ. ಕೀವರ್ಡ್ ಎಂಬುದರ ಕುರುಹು ಅದು. ನೀನೇ ಮೊದಲು ಮಾತಾಡು ಎಂದು ಯಂತ್ರ ಕಾಯುತ್ತದೆ, ಆ ಮಾತು ಬೇಸಿಕ್ ಭಾಷೆಯಲ್ಲೇ ಇರಬೇಕು. ಇವತ್ತಿನ ಫೋನಿನಲ್ಲಿ ಪ್ರೋಗ್ರಾಂ ಬರೆಯುವ ಬಾಗಿಲು ಎಲ್ಲೋ ಹಿತ್ತಲಲ್ಲಿದೆ, ಬಹಳ ಜನ ಅದನ್ನು ಕಾಣುವುದೇ ಇಲ್ಲ. ಇಲ್ಲಿ ಹೆಬ್ಬಾಗಿಲೇ ಅದು. ಆಟ ಆಡಬೇಕೆಂದು ಕೂತ ಮಗುವೂ ಮೊದಲು ಒಂದು ಆಜ್ಞೆ ಬರೆಯಲೇಬೇಕಿತ್ತು. ಹಾಗೆ ಬರೆದವರಲ್ಲಿ ಎಷ್ಟೋ ಮಂದಿ ಅಲ್ಲೇ ನಿಲ್ಲಲಿಲ್ಲ. ಈ ಯಂತ್ರ ಮಾಡಿದ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ.

ಬೆರಳಿಗೆ ಮಾತ್ರ ಹೊಸ ಪಾಠ. ಇಲ್ಲಿ ಪದಗಳನ್ನು ಅಕ್ಷರ ಅಕ್ಷರವಾಗಿ ಬರೆಯುವಂತಿಲ್ಲ. ಪಿ ಒತ್ತಿದರೆ ಪ್ರಿಂಟ್ ಎಂಬ ಪದ ಇಡಿಯಾಗಿ ಬಂದು ಕೂರುತ್ತದೆ, ಆರ್ ಒತ್ತಿದರೆ ರನ್, ಬಿ ಒತ್ತಿದರೆ ಬಾರ್ಡರ್. ಲೋಡ್ ಮಾತ್ರ ಜೆ ಗುಂಡಿಯಲ್ಲಿದೆ. ಒಂದು ಗುಂಡಿಗೆ ಐದಾರು ಅರ್ಥ. ಬೆನ್ನು ಸೀಳಿದ ಆ ಪುಸ್ತಕ ಆಗ ನೆರವಿಗೆ ಬಂತು. ಯಂತ್ರದ ಬೇಸಿಕ್ಕನ್ನು ಬರೆದ ಸ್ಟೀವನ್ ವಿಕರ್ಸ್ ಅವರೇ ಬರೆದ ಕೈಪಿಡಿ ಅದು. ಏನೂ ಅರಿಯದವನನ್ನು ಕೂರಿಸಿಕೊಂಡು, ಅವಸರಪಡಿಸದೆ, ಕೊನೆಗೆ ಯಂತ್ರದ ನೆನಪಿನ ವಿಳಾಸಗಳ ತನಕ ಕರೆದೊಯ್ಯುತ್ತದೆ. ಒಂದು ಸಾಮಾನಿನ ಜೊತೆ ಇಂಥ ಪುಸ್ತಕ ಕೊಡುತ್ತಿದ್ದರು ಎಂಬುದು ನೆನೆದಾಗಲೆಲ್ಲ ಸಂತೋಷವಾಗುತ್ತದೆ. ಚಿಕ್ಕಪ್ಪನ ಪೆನ್ಸಿಲ್ ಗೆರೆಗಳು ಪುಟಪುಟದಲ್ಲೂ ಇದ್ದವು. ಹದಿನಾಲ್ಕನೆಯ ಅಧ್ಯಾಯದ ಹತ್ತಿರ ಗೆರೆಗಳು ಬಹಳ ದಟ್ಟವಾಗಿದ್ದವು. ಯಾಕೆಂದು ಆಗ ತಿಳಿಯಲಿಲ್ಲ.

ಇನ್ನು ಕ್ಯಾಸೆಟ್ಟು. ಹಳೆಯ ಟೇಪನ್ನು ನೇರವಾಗಿ ಓಡಿಸಬಾರದು. ಮೊದಲು ಅದರ ನೆತ್ತಿಯ ಮೇಲಿನ ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದಿದೆಯೇ ನೋಡಿದೆ, ಇರಲಿಲ್ಲ, ಮುರಿದೆ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಇನ್ನು ಅಳಿಸಿಹೋಗುವುದಿಲ್ಲ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅಂಟಾಗಿ ಕರಗಿದ್ದ ಬೆಲ್ಟ್ ಬದಲಿಸಿ, ಕ್ಯಾಸೆಟ್ಟನ್ನು ಒಮ್ಮೆ ಕೊನೆಯ ತನಕ ಓಡಿಸಿ ಹಿಂದಕ್ಕೆ ಸುತ್ತಿದೆ. ಆಮೇಲೆ ಅದರ ಶಬ್ದವನ್ನು ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಮಾಡಿಟ್ಟುಕೊಂಡೆ. ಟೇಪು ಸಿಕ್ಕಿಕೊಂಡು ಹರಿದರೂ ಒಳಗಿರುವುದು ಉಳಿಯಲಿ ಎಂದು.

ಜೆ, ಎರಡು ಉದ್ಧರಣ ಚಿಹ್ನೆ, ಎಂಟರ್. ಟೇಪಿನ ಪ್ಲೇ. ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿಯ ಅಗಲ ಪಟ್ಟೆಗಳು ಉರುಳತೊಡಗಿದವು. ಕಿವಿಗೆ ಒಂದೇ ಸಮನೆ ಶ್ರುತಿಪೆಟ್ಟಿಗೆಯಂಥ ನಾದ. ಮಾಹಿತಿ ಶುರುವಾದಾಗ ಪಟ್ಟೆಗಳು ಸಣ್ಣಗಾಗಿ ನೀಲಿ ಹಳದಿಗೆ ತಿರುಗುತ್ತವೆ, ನಾದ ಕರ್ಕಶವಾಗುತ್ತದೆ. "ಪ್ರೋಗ್ರಾಂ: ಅಜ್ಜಿ" ಎಂದು ಪರದೆಯ ಮೇಲೆ ಬಂತು. ಕೂಡಲೇ ಕೆಳಗೆ ಇನ್ನೊಂದು ಸಾಲು: ಆರ್, ಟೇಪ್ ಲೋಡಿಂಗ್ ಎರರ್.

ಶಬ್ದದ ಮಟ್ಟ ಏರಿಸಿದೆ, ಇಳಿಸಿದೆ. ಅದೇ ಉತ್ತರ. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಕೊನೆಗೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ಹಿಡಿದು, ಟೇಪ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸುತ್ತ, ಶಬ್ದ ಮಂಕಿನಿಂದ ತಿಳಿಯಾಗುವ ಜಾಗ ಕಿವಿಯಿಂದಲೇ ಹುಡುಕಿದೆ. ತಂಬೂರಿಯ ಬಿರಡೆ ತಿರುಗಿಸುವ ಹಾಗೆಯೇ. ಲೀಡ್ಸಿನ ಆ ಟೇಪ್ ರೆಕಾರ್ಡರಿನ ಹೆಡ್ಡು ಯಾವ ಓರೆಯಲ್ಲಿ ನಿಂತಿತ್ತೋ ನನ್ನದೂ ಅದೇ ಓರೆಗೆ ಬರಬೇಕಿತ್ತು. ಬಂತು. ಕೆಳಗೆ "ಓಕೆ" ಎಂದು ಮೂಡಿತು. ರನ್ ಒತ್ತಿದೆ.

ಪರದೆಯ ನಡುವೆ, ಕೆಂಪು ಬಣ್ಣದಲ್ಲಿ, ಕನ್ನಡದಲ್ಲಿ, "ಅಜ್ಜಿ."

ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ. ಇಂಗ್ಲಿಷಿನ ಹೊರತು ಬೇರೆ ಲಿಪಿಯನ್ನೇ ಅರಿಯದ ಯಂತ್ರ ಇದು. ಲಿಸ್ಟ್ ಒತ್ತಿ ಪ್ರೋಗ್ರಾಂ ತೆಗೆದು ನೋಡಿದಾಗ ಹದಿನಾಲ್ಕನೆಯ ಅಧ್ಯಾಯದ ಗೆರೆಗಳ ಗುಟ್ಟು ತಿಳಿಯಿತು. ಸ್ಪೆಕ್ಟ್ರಮ್ಮಿನ ಪ್ರತಿ ಅಕ್ಷರವೂ ಎಂಟು ಚೌಕ ಅಗಲ, ಎಂಟು ಚೌಕ ಎತ್ತರ. ಬಳಸುವವರು ತಾವೇ ರಚಿಸಿಕೊಳ್ಳಲೆಂದು ನೆನಪಿನ ತುತ್ತತುದಿಯಲ್ಲಿ, 65368ನೆಯ ಮನೆಯಿಂದ 168 ಮನೆಗಳನ್ನು ಖಾಲಿ ಬಿಟ್ಟಿದ್ದಾರೆ. ಅದರಲ್ಲಿ 21 ಆಕಾರಗಳಿಗೆ ಜಾಗ. ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ, ಸಾಲುಸಾಲಿಗೆ ಲೆಕ್ಕ ಹಾಕಬೇಕು: ಎಡದಿಂದ ಬಲಕ್ಕೆ 128, 64, 32, 16, 8, 4, 2, 1. ತುಂಬಿದ ಚೌಕಗಳ ಮೊತ್ತವೇ ಆ ಸಾಲಿನ ಸಂಖ್ಯೆ. ನಮ್ಮ ದುಂಡು ಅಕ್ಷರ ಎಂಟು ಚೌಕದಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಚಿಕ್ಕಪ್ಪ ಮತ್ತು ಅವರ ಮಗಳು, ನನ್ನ ತಂಗಿ, "ಅ"ಗೆ ನಾಲ್ಕು ತುಂಡು, "ಜಿ"ಗೆ ನಾಲ್ಕು ತುಂಡು, ಕೆಳಗಿನ ಒತ್ತಿಗೆ ಎರಡು ತುಂಡು ಮಾಡಿ ಜೋಡಿಸಿದ್ದರು. ಹತ್ತು ಸಾಲು ಡೇಟಾ, ಸಾಲಿಗೆ ಎಂಟು ಸಂಖ್ಯೆ. ಲೀಡ್ಸಿನ ಚಳಿಗಾಲದ ಯಾವುದೋ ಸಂಜೆ ಅಪ್ಪ ಮಗಳು ಎಂಬತ್ತು ಸಾಲಿನ ಲೆಕ್ಕ ಮಾಡಿದ್ದರು, ಊರಿನಲ್ಲಿದ್ದ ನಮ್ಮ ಅಜ್ಜಿಗಾಗಿ. ಅಜ್ಜಿ ಅದನ್ನು ನೋಡಲಿಲ್ಲ. ಅವರು ಊರಿಗೆ ಮರಳುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು.

ಚಿಕ್ಕಮ್ಮನಿಗೆ ವಿಡಿಯೊ ಕರೆ ಮಾಡಿ ಫೋನನ್ನು ಟಿವಿಯ ಕಡೆ ತಿರುಗಿಸಿದೆ.

"ನೋಡಿ ಚಿಕ್ಕಮ್ಮ, ಏನು ಬಂದಿದೆ."

ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಕನ್ನಡಕ ಹುಡುಕುತ್ತಿದ್ದಾರೇನೋ ಅಂದುಕೊಂಡೆ. ಆಮೇಲೆ ದನಿ ಬಂತು.

"ಜಿಯ ಗುಡಿಸು ಕೂಡಿಲ್ಲ ನೋಡು. ಆವತ್ತೇ ಹೇಳಿದ್ದೆ. ಅಪ್ಪ ಮಗಳು ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ."

ಹತ್ತಿರ ಹೋಗಿ ನೋಡಿದರೆ ನಿಜ. ಗುಡಿಸಿನ ನೆತ್ತಿಯಲ್ಲಿ ಎರಡು ಚೌಕ ತುಂಬದೆ ಬಿಟ್ಟುಹೋಗಿ ಸುರುಳಿ ಬಾಯಿ ತೆರೆದುಕೊಂಡಿತ್ತು. ಡೇಟಾ ಸಾಲಿನಲ್ಲಿ ಅಲ್ಲಿಯ ಸಂಖ್ಯೆ 36, ಅಂದರೆ 32 ಮತ್ತು 4. ನಡುವಿನ 16 ಮತ್ತು 8 ಬಿಟ್ಟುಹೋಗಿವೆ. ಕರೆಯನ್ನು ಹಾಗೇ ಇಟ್ಟು ಆ ಸಾಲನ್ನು ತೆಗೆದು 36 ಅಳಿಸಿ 60 ಎಂದು ಹೊಡೆದೆ. ಮತ್ತೆ ರನ್.

"ಹಾಂ, ಈಗ," ಅಂದರು ಚಿಕ್ಕಮ್ಮ.

ತಂಗಿ ಬರೆದದ್ದು ಅವಳ ಕ್ಯಾಸೆಟ್ಟಿನಲ್ಲಿ ಅವಳು ಬರೆದ ಹಾಗೇ ಇದೆ. ಚಿಕ್ಕಮ್ಮ ತಿದ್ದಿದ್ದನ್ನು ಒಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿ, ಅದರ ಹಲ್ಲನ್ನೂ ಮುರಿದು, ಎರಡನ್ನೂ ಒಂದೇ ಡಬ್ಬದಲ್ಲಿ ಇಟ್ಟಿದ್ದೇನೆ.