ಟ್ರಾನ್ಸ್‌ಫರ್ ಕೇಸ್

ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾಗಿರುವ ನನ್ನಂಥವನಿಗೆ 'ಟ್ರಾನ್ಸ್‌ಫರ್ ಕೇಸ್' ಎಂದರೆ ಒಂದೇ ಅರ್ಥ. ಯಾರನ್ನೋ ನಾಗಪುರಕ್ಕೋ ಗುವಾಹಾಟಿಗೋ ವರ್ಗ ಮಾಡಿರುತ್ತಾರೆ. ಆತ ತಾಯಿಯ ಕಾಯಿಲೆ, ಮಕ್ಕಳ ಪರೀಕ್ಷೆ ಎಂದು ಕಾರಣ ಬರೆದು ಅರ್ಜಿ ಹಾಕಿರುತ್ತಾನೆ. ಆ ಫೈಲು ಮೇಜಿನಿಂದ ಮೇಜಿಗೆ ಸುತ್ತುತ್ತಿರುತ್ತದೆ. ಮೋಟಾರು ಗಾಡಿಗಳ ಲೋಕದಲ್ಲಿಯೂ ಇದೇ ಹೆಸರಿನ ಒಂದು ವಸ್ತುವಿದೆಯೆಂದೂ, ಅದು ಕೆಟ್ಟರೆ ಒಂದು ಸಂಸಾರದ ಲೆಕ್ಕವೇ ತಲೆಕೆಳಗಾಗುತ್ತದೆಂದೂ ನನಗೆ ತಿಳಿದದ್ದು 2024ರ ಮಳೆಗಾಲದಲ್ಲಿ. ಈಗ ನಮ್ಮವರಲ್ಲಿಯೂ ಹಲವರು ಹಳೆಯ ದೊಡ್ಡ ವಿದೇಶೀ ಗಾಡಿಗಳನ್ನು ಎರಡನೆಯ ಕೈಯಿಂದ ಕೊಳ್ಳುತ್ತಿರುವುದರಿಂದ ಈ ಅನುಭವ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಸಾಧಾರಣ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಬಂದ ಶಕ್ತಿಯನ್ನು ಹಿಂದಿನ ಅಚ್ಚಿಗೆ ಇಷ್ಟು, ಮುಂದಿನ ಅಚ್ಚಿಗೆ ಇಷ್ಟು ಎಂದು ಹಂಚಿಕೊಡುವುದು ಅದರ ಕೆಲಸ. ಅದೇ ಟ್ರಾನ್ಸ್‌ಫರ್ ಕೇಸ್. ನಮ್ಮ ದೇಶಕ್ಕೆ ಇದು ಹೊಸದೇನಲ್ಲ. ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದಾಗಲೇ ಅದೂ ಬಂತು. ಹಳೆಯ ಜೀಪು ಕಂಡವರಿಗೆ ಗೇರಿನ ಕೋಲಿನ ಪಕ್ಕದಲ್ಲಿದ್ದ ಎರಡು ಗಿಡ್ಡ ಕೋಲುಗಳು ನೆನಪಿರಬಹುದು. ಕೆಸರಿನಲ್ಲಿ ಸಿಕ್ಕಿಕೊಂಡರೆ ಚಾಲಕ ಅದನ್ನೆಳೆದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡುತ್ತಿದ್ದ. ಡಾಂಬರು ರಸ್ತೆಗೆ ಬಂದೊಡನೆ ತೆಗೆದುಬಿಡುತ್ತಿದ್ದ. ತೆಗೆಯದಿದ್ದರೆ ತಿರುವಿನಲ್ಲಿ ಸ್ಟಿಯರಿಂಗು ಕಲ್ಲಿನಂತೆ ಬಿಗಿಯುತ್ತಿತ್ತು.

ಹೀಗೇಕೆ ಎಂಬುದಕ್ಕೆ ಹೈಸ್ಕೂಲಿನ ಗಣಿತ ಸಾಕು. ಗಾಡಿ ತಿರುಗುವಾಗ ಹಿಂದಿನ ಅಚ್ಚಿನ ನಡುಬಿಂದು 6 ಮೀಟರು ತ್ರಿಜ್ಯದ ವೃತ್ತದಲ್ಲಿ ಹೋಗುತ್ತಿದೆ, ಎರಡು ಅಚ್ಚುಗಳ ನಡುವೆ 2.9 ಮೀಟರು ಅಂತರವಿದೆ ಎಂದಿಟ್ಟುಕೊಳ್ಳಿ. ಪೈಥಾಗೊರಸನ ಪ್ರಮೇಯದಂತೆ ಮುಂದಿನ ಅಚ್ಚು ಸುಮಾರು 6.66 ಮೀಟರಿನ ವೃತ್ತದಲ್ಲಿ ಹೋಗುತ್ತದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಹಿಂದಿನದು 9.4 ಮೀಟರು ಹೋದರೆ ಮುಂದಿನದು 10.5 ಮೀಟರು ಹೋಗಿರಬೇಕು. ಈ ಒಂದು ಮೀಟರಿನ ವ್ಯತ್ಯಾಸಕ್ಕೆ ಎಲ್ಲಿಯಾದರೂ ಜಾರಲು ಅವಕಾಶ ಬೇಕಷ್ಟೆ. ಜೀಪಿನಲ್ಲಿ ಕೋಲು ತೆಗೆದು ಆ ಅವಕಾಶ ಕೊಡುತ್ತಿದ್ದರು. ಹೊಸ ಕಾಲದ ಹಲವು ದೊಡ್ಡ ಗಾಡಿಗಳಲ್ಲಿ ಎಣ್ಣೆಯಲ್ಲಿ ಮುಳುಗಿದ ಹಲವು ಬಿಲ್ಲೆಗಳ ಒಂದು ಕ್ಲಚ್ಚು ಇರುತ್ತದೆ. ಕಂಪ್ಯೂಟರಿನ ಆಜ್ಞೆಯಂತೆ ಒಂದು ಚಿಕ್ಕ ವಿದ್ಯುತ್ ಮೋಟಾರು ಆ ಬಿಲ್ಲೆಗಳನ್ನು ಒತ್ತುತ್ತದೆ, ಸಡಿಲಿಸುತ್ತದೆ. ಚಾಲಕನಿಗೆ ಇದೊಂದೂ ಗೊತ್ತಾಗುವುದಿಲ್ಲ. ಕೆಟ್ಟಾಗ ಮಾತ್ರ ಗೊತ್ತಾಗುತ್ತದೆ.

ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ತುರ್ಭೆಯಲ್ಲಿ ಊಟ ಸರಬರಾಜಿನ ವ್ಯವಹಾರ ಮಾಡುತ್ತಾನೆ. ನಾನಿರುವುದು ಡೊಂಬಿವಲಿ. ವ್ಯಾಪಾರ ಚೆನ್ನಾಗಿದ್ದ 2018ರಲ್ಲಿ ಆತ 2010ರ ಒಂದು ಜರ್ಮನ್ ಗಾಡಿಯನ್ನು ಎರಡನೆಯ ಕೈಯಿಂದ ಕೊಂಡಿದ್ದ. ಕಂಪನಿಯ ಹೆಸರು ಇಲ್ಲಿ ಬೇಡ. 2020ರ ಲಾಕ್‌ಡೌನಿನಲ್ಲಿ ಕಂಪನಿಗಳ ಕ್ಯಾಂಟೀನುಗಳು ಮುಚ್ಚಿದವು, ವ್ಯವಹಾರ ಅರ್ಧಕ್ಕಿಳಿಯಿತು. 2024ರಲ್ಲಿ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಗಾಡಿ ಮಾರಿ ಶುಲ್ಕ ಕಟ್ಟುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಸರಿಯಾಗಿ ಅದೇ ಹೊತ್ತಿಗೆ ಗಾಡಿಯ ಮುಂದಿನ ಫಲಕದಲ್ಲಿ ಮೂರು ದೀಪಗಳು ಒಟ್ಟಿಗೇ ಹೊತ್ತಿಕೊಂಡವು. ಒಂದು ನಾಲ್ಕು ಚಕ್ರದ್ದು, ಒಂದು ಬ್ರೇಕಿನದು, ಒಂದು ಎ.ಬಿ.ಎಸ್.ನದು. ನಿಧಾನವಾಗಿ ತಿರುಗುವಾಗ ಗಾಡಿ ಗಕ್ಕನೆ ಜಗ್ಗುತ್ತಲೂ ಇತ್ತು.

ಒಂದು ದೊಡ್ಡ ವರ್ಕ್‌ಶಾಪಿನವರು ಟ್ರಾನ್ಸ್‌ಫರ್ ಕೇಸನ್ನೇ ಬದಲಿಸಬೇಕೆಂದು 3.25 ಲಕ್ಷದ ಅಂದಾಜು ಕೊಟ್ಟರು. ಅವರದು ತಪ್ಪೆನ್ನಲಾರೆ, ಹೊಸ ಪೆಟ್ಟಿಗೆಗೆ ಗ್ಯಾರಂಟಿ ಕೊಡಬಹುದು, ಹಳೆಯದಕ್ಕೆ ಯಾರು ಕೊಡುತ್ತಾರೆ? ಹಳೆ ಗಾಡಿಗಳ ವ್ಯಾಪಾರಿಯೊಬ್ಬ, ದೀಪ ಉರಿಯುತ್ತಿರುವ ಗಾಡಿಗೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕೊಡಲಾರೆನೆಂದ. ಮೂರನೆಯವನೊಬ್ಬ ದಲ್ಲಾಳಿ ಬಂದು ಸುಲಭದ ದಾರಿ ತೋರಿಸಿದ: ಸ್ಕ್ಯಾನರು ಹಚ್ಚಿ ದೋಷಗಳನ್ನು ಅಳಿಸಿದರೆ ದೀಪ ಆರುತ್ತದೆ, ಮತ್ತೆ ಹೊತ್ತಿಕೊಳ್ಳುವುದರೊಳಗೆ ಗಾಡಿ ಕೈದಾಟಿಸಿಬಿಡಿ.

ಅಣ್ಣ ರಾತ್ರಿ ಫೋನು ಮಾಡಿದ. "ಏನ ಮಾಡಲೋ ತಮ್ಮಾ? ಫೀ ಕಟ್ಟಲಿಕ್ಕೆ ಇನ್ನ ಹದಿನೆಂಟು ದಿನ ಅದಾವ. ಎಲ್ಲಾರೂ ಹಂಗ ಮಾಡತಾರಂತ."

ದಾಖಲೆ ಅಳಿಸುವುದು ಬೇರೆ, ಪ್ರಕರಣ ಮುಗಿಸುವುದು ಬೇರೆ ಎಂಬುದು ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಕೊಂಡವ ಹೆಂಡರು ಮಕ್ಕಳನ್ನ ಕೂಡಿಸಿಕೊಂಡು ಮಳ್ಯಾಗ ಮಾಳಶೇಜ ಘಾಟ ಹತ್ತಿದರ?" ಎಂದಷ್ಟೇ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಕೊನೆಗೆ, "ಹಂಗಾರ ಭಾನುವಾರ ನೀ ಬಾ. ನೀ ಬಿ.ಎಸ್ಸಿ. ಫಿಜಿಕ್ಸ್ ಮಾಡಿದಾವ" ಎಂದ. ಧಾರವಾಡದಲ್ಲಿ ಪಡೆದ ಆ ಪದವಿ ಅಲ್ಲಿಯವರೆಗೆ ಅರ್ಜಿಗಳ ಕಾಲಮ್ಮು ತುಂಬಲು ಮಾತ್ರ ಕೆಲಸಕ್ಕೆ ಬಂದಿತ್ತು.

ಕಲ್ಯಾಣ-ಶೀಳ ರಸ್ತೆಯಲ್ಲಿ ನನಗೆ ಪರಿಚಯದ ಒಬ್ಬ ಮಿಸ್ತ್ರಿ ಇದ್ದಾನೆ. ಬೀದರ ಕಡೆಯವನು. 1990ರ ದಶಕದಲ್ಲಿ ಕಲ್ಯಾಣದ ಬಳಿ ಪ್ಯೂಜೊ 309 ಕಾರುಗಳು ತಯಾರಾಗುತ್ತಿದ್ದ ಕಾರಖಾನೆಯಲ್ಲಿ ಅವನ ತಂದೆ ಕೆಲಸ ಮಾಡಿದ್ದರು. ಅಪ್ಪನಿಂದ ಅವನು ಕಲಿತದ್ದು ಒಂದೇ ಸೂತ್ರವಂತೆ: ಬಿಚ್ಚುವ ಮೊದಲು ಕೇಳು, ದೊಡ್ಡದಕ್ಕೆ ಕೈಹಾಕುವ ಮೊದಲು ಚಿಕ್ಕದನ್ನು ನೋಡು. ನಾವು ನಡೆದ ಕ್ರಮವನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ.

ಮೊದಲನೆಯದು ಬ್ಯಾಟರಿ. ಇಂಥ ಗಾಡಿಗಳಲ್ಲಿ ಹತ್ತಾರು ಕಂಪ್ಯೂಟರುಗಳಿರುವುದರಿಂದ ವೋಲ್ಟೇಜು ಇಳಿದರೆ ಇಲ್ಲದ ರೋಗಗಳೆಲ್ಲ ಕಾಣಿಸಿಕೊಳ್ಳುತ್ತವೆ. ತುಂಬಿದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟು ತೋರಿಸಬೇಕು, ನಮ್ಮದು 12.1 ತೋರಿಸಿತು. ಅದನ್ನು ಚಾರ್ಜು ಮಾಡಿ, ಸ್ಕ್ಯಾನರಿನಲ್ಲಿ ಬಂದ ದೋಷಗಳನ್ನೆಲ್ಲ ನಾನು ವಹಿಯಲ್ಲಿ ಬರೆದುಕೊಂಡೆ. ಅನಂತರವೇ ಅಳಿಸಿ ಶೀಳಫಾಟಾದವರೆಗೆ ಓಡಿಸಿದೆವು. ಐದರಲ್ಲಿ ನಾಲ್ಕು ಮತ್ತೆ ಬರಲಿಲ್ಲ. ಒಂದು ಮಾತ್ರ ಹಟಹಿಡಿದು ಬಂತು: ಕ್ಲಚ್ಚನ್ನು ಒತ್ತುವ ಮೋಟಾರು ಹೇಳಿದ ಜಾಗಕ್ಕೆ ಹೋಗಿ ನಿಲ್ಲುತ್ತಿಲ್ಲ. ಅಂದರೆ ಬ್ರೇಕು, ಎ.ಬಿ.ಎಸ್. ದೀಪಗಳು ತಮ್ಮ ರೋಗಕ್ಕೆ ಉರಿದವಲ್ಲ. ಪಕ್ಕದ ಮೇಜಿನಲ್ಲಿ ಕೆಲಸ ನಿಂತಿತೆಂದು ತಾವೂ ಕೈಕಟ್ಟಿ ಕೂತಿದ್ದವು. ದೂರು ದಾಖಲಾದ ಮೇಜು ಒಂದು, ಕೆಲಸ ಕೆಟ್ಟ ಮೇಜು ಇನ್ನೊಂದು. ಕಚೇರಿಯಲ್ಲಿ ಇದನ್ನು ದಿನಾ ನೋಡುತ್ತೇವಷ್ಟೆ.

ಎರಡನೆಯದು ಟಯರು. ಮುಂದಿನ ಜೋಡಿ ಹೊಸದು, ಅಚ್ಚಿನ ಆಳ 8 ಮಿಲಿಮೀಟರು. ಹಿಂದಿನದು ಹಳೆಯದು, 3 ಮಿಲಿಮೀಟರು. ನೋಡಲು ಏನೂ ಅಲ್ಲ. ಆದರೆ ಲೆಕ್ಕ ಹಾಕಿದರೆ ವ್ಯಾಸದಲ್ಲಿ 10 ಮಿಲಿಮೀಟರು, ಸುತ್ತಳತೆಯಲ್ಲಿ 31 ಮಿಲಿಮೀಟರು ವ್ಯತ್ಯಾಸ. ಸುತ್ತಳತೆ ಸುಮಾರು 2.3 ಮೀಟರಾದ್ದರಿಂದ ಚಕ್ರ ಒಂದು ಕಿಲೋಮೀಟರಿಗೆ 430 ಸುತ್ತಿಗಿಂತ ಹೆಚ್ಚು ಉರುಳುತ್ತದೆ. ಅಂದರೆ ಕಿಲೋಮೀಟರಿಗೆ 13 ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. ಡೊಂಬಿವಲಿಯಿಂದ ವಾಶಿಗೆ 25 ಕಿಲೋಮೀಟರೆಂದು ಹಿಡಿದರೆ 300 ಮೀಟರು ದಾಟಿತು, ಹನ್ನೆರಡು ಡಬ್ಬಿಯ ಲೋಕಲ್ ಗಾಡಿಗಿಂತ ಉದ್ದ! ನೇರ ರಸ್ತೆಯಲ್ಲಿಯೂ ಗಾಡಿ ಸದಾ ತಿರುವಿನಲ್ಲಿದ್ದಂತೆಯೇ ಲೆಕ್ಕ. ಕ್ಲಚ್ಚು ಹಿಡಿದಾಗಲೆಲ್ಲ ಆ ಬಡಪಾಯಿ ಬಿಲ್ಲೆಗಳು ಉಜ್ಜಿಕೊಂಡು ಕಾಯಬೇಕು. ಟಯರಿನಂಗಡಿಯಲ್ಲಿ ಎರಡು ಬದಲಿಸಿ ಹಣ ಉಳಿಸಿದೆನೆಂದು ಅಣ್ಣ ಹೆಮ್ಮೆಪಟ್ಟಿದ್ದ. ಲೆಕ್ಕ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡ.

ಮೂರನೆಯದು ಎಣ್ಣೆ. ಆ ಪೆಟ್ಟಿಗೆಯಲ್ಲಿರುವುದು ಸುಮಾರು ಒಂದು ಲೀಟರು ಮಾತ್ರ. ಇಳಿಸಿದಾಗ ಬಂದದ್ದು ಕಾಡಿಗೆಯಂತೆ ಕಪ್ಪು, ಸುಟ್ಟ ವಾಸನೆ. ಆದರೆ ಮಿಸ್ತ್ರಿ ಅದನ್ನು ಬಿಳಿಯ ತಟ್ಟೆಗೆ ಹೊಯ್ದು ಬಿಸಿಲಿಗೆ ಹಿಡಿದು ನೋಡಿ ಸಮಾಧಾನಪಟ್ಟ. ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಹೊಕ್ಕಿದೆ. ಲೋಹದ ಚೂರು ಮಿನುಗಿದರೆ ಒಳಗೆ ಹಲ್ಲೋ ಬೇರಿಂಗೋ ಒಡೆದಿದೆ. ಎರಡೂ ಇರಲಿಲ್ಲ. ಇದಕ್ಕೆ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು. ಬಿಲ್ಲೆಗಳು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ಎಣ್ಣೆಯ ಗುಣವೂ ಸೇರಿದೆ.

ನಾಲ್ಕನೆಯದು ಕಿವಿ. ಒಳಗೆ ಶಕ್ತಿಯನ್ನು ಮುಂದಕ್ಕೆ ಒಯ್ಯುವ ಒಂದು ಸರಪಳಿ ಇರುತ್ತದೆ. ಅದು ಉದ್ದವಾಗಿದ್ದರೆ ಜೋರಾಗಿ ವೇಗ ಕೊಟ್ಟಾಗ ಹಲ್ಲು ಹಾರಿ ಕಟಕಟ ಸದ್ದು ಬರುತ್ತದೆ. ಬರಲಿಲ್ಲ. ಮುಂದಿನ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿದರೆ ಕೀಲುಗಳಲ್ಲಿಯೂ ಸಡಿಲಿರಲಿಲ್ಲ.

ಇಷ್ಟಾದ ಮೇಲೆಯೇ ಸ್ಪ್ಯಾನರಿಗೆ ಕೈಹಾಕಿದ್ದು. ಪೆಟ್ಟಿಗೆಯ ಹೊರಮೈಗೆ ಅಂಟಿಕೊಂಡಿದ್ದ ಚಿಕ್ಕ ಮೋಟಾರನ್ನು ನಾಲ್ಕಾರು ಬೋಲ್ಟು ಬಿಚ್ಚಿ ಹೊರತೆಗೆದು ಮುಚ್ಚಳ ತೆರೆದಾಗ ಸಿಕ್ಕಿತು ನಮ್ಮ ಅಪರಾಧಿ: ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಗೇರು. ಅದು ಎಂದೂ ಪೂರ್ತಿ ಸುತ್ತು ತಿರುಗುವುದಿಲ್ಲ. ಹಿಂದೆ ಮುಂದೆ ಸ್ವಲ್ಪವೇ ಆಡುತ್ತದೆ. ಹೀಗಾಗಿ ಒಂದೇ ಭಾಗದ ಆರೇಳು ಹಲ್ಲುಗಳು ಸವೆದು ಚೂಪಾಗಿದ್ದವು. ಉಳಿದವು ಹೊಸದರಂತೆಯೇ ಇದ್ದವು. ಎರಡು ಟನ್ನಿಗೂ ಮಿಕ್ಕಿದ ಗಾಡಿಯನ್ನು ಕೆಡವಿದ್ದು ಈ ಆರೇಳು ಹಲ್ಲು! ದೀಪಗಳಿಗೆ ಕಾರಣ ಈ ಗೇರು, ಜಗ್ಗುವುದಕ್ಕೆ ಕಾರಣ ಟಯರು ಮತ್ತು ಎಣ್ಣೆ. ಎರಡು ರೋಗ ಒಟ್ಟಿಗೆ ಬಂದು ಒಂದೇ ದೊಡ್ಡ ರೋಗದಂತೆ ಕಂಡಿದ್ದವು.

ಹೊಸ ಗೇರು, ಹೊಸ ಎಣ್ಣೆ, ಕೂಲಿ ಸೇರಿ 18,000 ರೂಪಾಯಿ; ಮುಂದಿನವಕ್ಕೆ ಸರಿಜೋಡಿಯಾದ ಎರಡು ಹಿಂದಿನ ಟಯರಿಗೆ 36,000; ಒಟ್ಟು 54,000. ಹೊಸ ಗೇರು ಕೂಡಿಸಿದರೆ ಮುಗಿಯಲಿಲ್ಲ, ಸ್ಕ್ಯಾನರಿನಿಂದ ಮೋಟಾರಿಗೆ ಅದರ ಆರಂಭ ಸ್ಥಾನವನ್ನು ಮತ್ತೆ ಕಲಿಸಬೇಕು. ಅದನ್ನೂ ಮಾಡಿ ಮೂರು ದಿನ ಠಾಣೆ, ಕಲ್ಯಾಣ, ಬೇಲಾಪುರ ಎಂದು ಮಳೆಯಲ್ಲೇ ಓಡಿಸಿದೆವು. ದೀಪ ಹೊತ್ತಲಿಲ್ಲ, ಗಾಡಿ ಜಗ್ಗಲಿಲ್ಲ.

ಮಾರುವಾಗ ಅಣ್ಣ ಕೊಳ್ಳುವವರ ಮುಂದೆ ಬಿಲ್ಲುಗಳನ್ನೂ ನನ್ನ ವಹಿಯ ಪುಟಗಳನ್ನೂ ಇಟ್ಟ. ಅವರು ಎಲ್ಲ ಓದಿ, "ಇಷ್ಟೆಲ್ಲ ಆಗಿದೆಯಲ್ಲ" ಎಂದು 25,000 ಕಡಿಮೆ ಮಾಡಿಸಿಯೇ ಬಿಟ್ಟರು. ಪ್ರಾಮಾಣಿಕತೆಗೆ ಬೆಲೆ ಇದೆ ಎನ್ನುತ್ತಾರೆ. ಅದನ್ನು ಕೆಲವು ಸಲ ನಾವೇ ಕೊಡಬೇಕಾಗುತ್ತದೆ. ಆದರೂ 4.6 ಲಕ್ಷ ಬಂತು. ಶುಲ್ಕದ ಗಡುವಿಗೆ ಇನ್ನೂ ನಾಲ್ಕು ದಿನ ಉಳಿದಿತ್ತು. ಆಮೇಲೆ ಯಾರ ಫೋನು ಬಂದರೂ ಅಣ್ಣ ಬೆಚ್ಚಿಬೀಳದೆ ಎತ್ತುತ್ತಾನೆ ಎಂದು ಅತ್ತಿಗೆ ಹೇಳಿದರು.

ಹಳೆಯ ದೊಡ್ಡ ಗಾಡಿ ಕೊಳ್ಳುವ ಮನಸ್ಸಿರುವವರಿಗೆ ನಾಲ್ಕು ಮಾತು. ಬಣ್ಣ, ಚರ್ಮದ ಸೀಟು ನೋಡುವ ಮೊದಲು ನಾಲ್ಕೂ ಟಯರು ಒಂದೇ ಅಳತೆ, ಒಂದೇ ಸವೆತದವೇ ಎಂದು ನೋಡಿ. ಮುಂದೆ ಹಿಂದೆ ಬೇರೆ ಅಳತೆಯೆಂದು ತಯಾರಕರೇ ಹೇಳಿದ್ದರೆ ಆ ಮಾತು ಬೇರೆ. ಬಯಲಿನಲ್ಲಿ ಸ್ಟಿಯರಿಂಗು ಪೂರ್ತಿ ತಿರುಗಿಸಿ ನಿಧಾನವಾಗಿ ಎರಡು ಸುತ್ತು ಹಾಕಿ, ಜಗ್ಗುತ್ತದೆಯೇ ಗಮನಿಸಿ. ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಸಬೇಡಿ. ನಾಲ್ಕೂ ಚಕ್ರ ಲಾರಿಯ ಮೇಲೇರಬೇಕು. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಯಾರನ್ನೂ ಮಲಗಿಸಬೇಡಿ. ಮಹಾರಾಷ್ಟ್ರದಲ್ಲಿ 15 ವರ್ಷ ತುಂಬಿದ ಖಾಸಗಿ ಗಾಡಿಯನ್ನು ಪರೀಕ್ಷೆಗೊಡ್ಡಿ, ಪರಿಸರ ತೆರಿಗೆ ಕಟ್ಟಿ ನೋಂದಣಿ ನವೀಕರಿಸಬೇಕಾಗುತ್ತದೆಂಬುದೂ ಬೆಲೆ ಮಾತಾಡುವಾಗ ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ದೀಪ ಹೊತ್ತಿಕೊಂಡಾಗ ಅದನ್ನು ಆರಿಸುವವನನ್ನು ಹುಡುಕಬೇಡಿ. ಏಕೆ ಹೊತ್ತಿತೆಂದು ಹೇಳುವವನನ್ನು ಹುಡುಕಿ. ಅಂಥವನು ಸಿಕ್ಕರೆ ಅವನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.